ಕುಡಿತ ಮೈಗೆ ಬಲವೇ?



"ದಿನವಿಡೀ ದುಡಿದ ಮೈ, ರಾತ್ರಿ ಒಂದು ಕ್ವಾರ್ಟರ್ ಹಾಕಿದ್ರೆ ನಾಳೆ ಕೆಲಸಕ್ಕೆ ಶಕ್ತಿ ಬರುತ್ತೆ" ಎಂಬ ಮಾತನ್ನು ನಾವು ಹೋದಲ್ಲೆಲ್ಲ ಕೇಳುತ್ತೇವೆ. ಕುಡಿತದಿಂದ ಲಿವರ್ ಹಾಳಾಗುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ದುಡಿಯುವ ಕೈಕಾಲಿನ ಮಾಂಸಖಂಡಗಳನ್ನೂ ಅದು ಕರಗಿಸುತ್ತದೆ ಎಂಬುದು ಬಹಳ ಮಂದಿಗೆ ತಿಳಿಯದು. ಈ ತಿಂಗಳ ಪಾಠದಲ್ಲಿ ಅದನ್ನು ತಿಳಿದುಕೊಳ್ಳೋಣ.

ಮೈಯೊಳಗೆ ಏನಾಗುತ್ತದೆ?

ಮಾಂಸಖಂಡ ಮಣ್ಣಿನ ಗೋಡೆಯ ಹಾಗೆ. ದಿನಾ ಸ್ವಲ್ಪ ಸವೆಯುತ್ತದೆ. ಬೇಳೆಕಾಳು, ಮೊಟ್ಟೆ, ಮೀನು ತಿಂದರೆ ಸಿಗುವ ಪ್ರೋಟೀನಿನಿಂದ ದೇಹ ಅದನ್ನು ಮತ್ತೆ ಕಟ್ಟುತ್ತದೆ. ವರ್ಷಗಟ್ಟಲೆ ವಿಪರೀತ ಕುಡಿದರೆ ಕಟ್ಟುವ ಕೆಲಸ ನಿಧಾನವಾಗುತ್ತದೆ, ಸವೆತ ಮಾತ್ರ ನಿಲ್ಲುವುದಿಲ್ಲ. ಮೂಟೆ ಎತ್ತಲು, ಥಟ್ಟನೆ ಮೇಲೇಳಲು ಬೇಕಾದ ಎಳೆಗಳು ಮೊದಲು ತೆಳ್ಳಗಾಗುತ್ತವೆ. ಸೊಂಟ, ತೊಡೆ, ಭುಜಗಳ ಬಲ ಕುಗ್ಗುತ್ತದೆ. ಸಾಮಾನ್ಯವಾಗಿ ನೋವಿಲ್ಲದ ಕಾರಣ ಯಾರಿಗೂ ಗೊತ್ತಾಗುವುದಿಲ್ಲ. ಹೀಗೆ ಕುಡಿಯುವ 100 ಮಂದಿಯಲ್ಲಿ ಸುಮಾರು 40ರಿಂದ 60 ಮಂದಿಗೆ ಈ ತೊಂದರೆ ಇರುತ್ತದೆ. ಚೆನ್ನಾಗಿ ಉಣ್ಣುವವರಿಗೂ ಬರುತ್ತದೆ. ಊಟ ಬಿಟ್ಟು ಕುಡಿಯುವವರ ಪಾಡು ಇನ್ನೂ ಕಷ್ಟ.

ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯಿತು. ಆದರೆ 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇದೆ. ಹೆಸರು ಬದಲಾದರೂ ವಿಷ ಅದೇ.

ಹೆಂಗಸರಿಗೆ ಹೆಚ್ಚು ಅಪಾಯ

ನಮ್ಮಲ್ಲೂ ಕೆಲವು ಸಹೋದರಿಯರು ಕುಡಿಯುತ್ತಾರೆ, ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ. ಹೆಂಗಸರ ದೇಹದಲ್ಲಿ ನೀರಿನ ಅಂಶ ಕಡಿಮೆ. ಅಷ್ಟೇ ಕುಡಿದರೂ ರಕ್ತದಲ್ಲಿ ಆಲ್ಕೋಹಾಲ್ ಹೆಚ್ಚು ನಿಲ್ಲುತ್ತದೆ. ಸ್ಪೇನ್ ದೇಶದ ಬಾರ್ಸಿಲೋನಾದ ವೈದ್ಯರು ಕುಡಿತದ ಚಟವಿದ್ದ 50 ಹೆಂಗಸರನ್ನೂ 100 ಗಂಡಸರನ್ನೂ ಪರೀಕ್ಷಿಸಿ 1995ರಲ್ಲಿ ವರದಿ ಪ್ರಕಟಿಸಿದರು. ಹೆಂಗಸರು ಕುಡಿದದ್ದು ಕಡಿಮೆ; ಆದರೂ ಮಾಂಸಖಂಡದ ಹಾನಿ ಗಂಡಸರಷ್ಟೇ ಇತ್ತು. ಹೃದಯವೂ ಮಾಂಸಖಂಡವೇ, ಅದಕ್ಕೂ ಹಾಗೇ ಆಗಿತ್ತು.

ಗುರುತಿಸುವುದು ಹೇಗೆ?

• ಕೈ ಊರದೆ ಕುರ್ಚಿಯಿಂದ, ನೆಲದಿಂದ ಏಳಲಾಗದಿರುವುದು
• ಮೆಟ್ಟಿಲು ಹತ್ತುವಾಗ ಕಾಲು ಸೋಲುವುದು
• ತುಂಬಿದ ಕೊಡ ಎತ್ತಲಾಗದಿರುವುದು
• ತೊಡೆ, ಭುಜ ಸಣ್ಣಗಾಗುವುದು

ಬೇರೆ ಕಾಯಿಲೆಯಿಂದಲೂ ಹೀಗಾಗಬಹುದು, ಡಾಕ್ಟರಿಗೆ ತೋರಿಸಲೇಬೇಕು. ಒಮ್ಮೆಲೇ ಬಹಳ ಕುಡಿದ ಮೇಲೆ ಮೈ ಬಾತು, ವಿಪರೀತ ನೋವಾಗಿ, ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಕಿಡ್ನಿ ಕೆಡುವ ಅಪಾಯವಿದೆ.

ಬಲ ಮರಳಿ ಬರುತ್ತದೆಯೇ?

ಬರುತ್ತದೆ. ಕುಡಿತ ಬಿಟ್ಟರೆ ಬಹಳ ಮಂದಿಗೆ ಕೆಲವು ತಿಂಗಳಿಂದ ಒಂದು ವರ್ಷದೊಳಗೆ ಬಲ ಸಾಕಷ್ಟು ಸುಧಾರಿಸುತ್ತದೆ. ಒಳ್ಳೆಯ ಊಟ, ನಡಿಗೆ ಜೊತೆಗಿರಲಿ. ಆದರೆ ಒಂದು ಎಚ್ಚರಿಕೆ: ದಿನಾ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ಬಾಟಲಿ ಬಚ್ಚಿಡುವುದು, ಗುಟ್ಟಾಗಿ ಮದ್ದು ಹಾಕುವುದು ಬೇಡ. ಸರ್ಕಾರಿ ಆಸ್ಪತ್ರೆಯ ಡಾಕ್ಟರನ್ನು ಕಾಣಿರಿ, ಇಲ್ಲವೇ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿರಿ.

ಕೆಲಸಕ್ಕೆ ಹೋಗದವನನ್ನು "ಸೋಮಾರಿ" ಎಂದು ಬೈಯುವ ಮೊದಲು ಅವನ ಕಾಲಲ್ಲಿ ಕಸುವಿದೆಯೇ ನೋಡೋಣ. ಬೈದರೆ ಬಲ ಬರುವುದಿಲ್ಲ, ಚಿಕಿತ್ಸೆಯಿಂದ ಬರುತ್ತದೆ.

ಸಂಘದಲ್ಲಿ ಚರ್ಚಿಸಿರಿ:

1. "ಕುಡಿದರೆ ಶಕ್ತಿ" ಎನ್ನುವವರಿಗೆ ನಾವು ಏನು ಹೇಳಬಹುದು?
2. ಮೇಲಿನ ಗುರುತುಗಳು ನಮ್ಮ ಮನೆಯಲ್ಲಿ ಯಾರಿಗಾದರೂ ಇವೆಯೇ?
3. ಕುಡಿಯುವ ಸಹೋದರಿ ಅಂಜಿಕೆಯಿಲ್ಲದೆ ಬಾಯಿಬಿಡಲು ನಮ್ಮ ಸಂಘ ಏನು ಮಾಡಬೇಕು?