ಗುಳಿಗಿ ಅರ್ಧಕ್ಕ ಬಿಡಬ್ಯಾಡ್ರಿ



ಇದು ನಮ್ಮ ಆಡಕಿ ಕಡೆಯ ಒಬ್ಬ ಹೆಣ್ಣುಮಗಳ ಕಥೆ. ಅವಳ ನಿಜವಾದ ಹೆಸರು ಬೇಡ. ಶರಣಮ್ಮ ಅನ್ನೋಣ. ನಮ್ಮ ಕಲಿಕಾ ಕೇಂದ್ರಕ್ಕೆ ಅವಳೂ ಬರುತ್ತಿದ್ದಳು. ಸ್ಲೇಟು ಹಿಡಿದು ಮುಂದಿನ ಸಾಲಿನಲ್ಲೇ ಕೂಡುತ್ತಿದ್ದಳು.

ಕೆಮ್ಮು ಬಂತು

ತೊಗರಿ ರಾಶಿಯ ಕಾಲ. ಶರಣಮ್ಮನಿಗೆ ಕೆಮ್ಮು ಹತ್ತಿತು. "ರಾಶಿ ಧೂಳು, ಮತ್ತೇನಿಲ್ಲ" ಅಂದಳು. ಒಂದು ವಾರ ಆಯಿತು. ಎರಡು ವಾರ ಆಯಿತು. ಕೆಮ್ಮು ಹೋಗಲಿಲ್ಲ. ಸಂಜೆಯಾದರೆ ಮೈ ಬಿಸಿ. ರಾತ್ರಿ ಬೆವರು. ರೊಟ್ಟಿ ಸೇರಲಿಲ್ಲ. ಮೈ ಇಳಿಯಿತು.

ನಮ್ಮ ಕಡೆ ಧೂಳಿಗೆ ಬರವಿಲ್ಲ. ಸೇಡಂ, ವಾಡಿಯಲ್ಲಿ ಸಿಮೆಂಟಿನ ಧೂಳು. ಶಹಾಬಾದ, ಚಿತ್ತಾಪುರದ ಕಡೆ ಫರ್ಸಿ ಗಣಿಯ ಧೂಳು. ಅದಕ್ಕೇ ಯಾರು ಕೆಮ್ಮಿದರೂ ಧೂಳಿನ ಮೇಲೆ ಹಾಕುತ್ತೇವೆ.

ಆಶಾ ಕಾರ್ಯಕರ್ತೆ ಮಾತ್ರ ಬಿಡಲಿಲ್ಲ. "ಎರಡು ವಾರ ಕೆಮ್ಮಿದ್ರ ಕಫ ತೋರಸ್ಬೇಕು. ನಡಿ ತಂಗಿ" ಅಂದಳು. ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದಳು. ಕಫ ಪರೀಕ್ಷೆ ಆಯಿತು. ಬಂದದ್ದು ಕ್ಷಯ. ಅದೇ ಟಿ.ಬಿ.

ಡಾಕ್ಟರು ಹೇಳಿದರು: "ಹೆದರಬ್ಯಾಡಮ್ಮ. ಇದು ವಾಸಿ ಆಗೋ ಬ್ಯಾನಿ. ಗುಳಿಗಿ ಪುಕ್ಕಟೆ. ಆರು ತಿಂಗಳು ದಿನಾ ತೊಗೋಬೇಕು. ಒಂದು ದಿನಾನೂ ತಪ್ಪಸ್ಬಾರ್ದು."

ಎರಡು ತಿಂಗಳಿಗೆ ಬಿಟ್ಟಳು

ಶರಣಮ್ಮ ಗುಳಿಗೆ ಶುರು ಮಾಡಿದಳು. ಮೊದಲ ದಿನವೇ ಹೆದರಿದಳು. ಮೂತ್ರ ಕೇಸರಿ ಬಣ್ಣ ಆಗಿತ್ತು. ರಕ್ತ ಹೋಗುತ್ತಿದೆ ಅಂದುಕೊಂಡಳು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ.

ಒಂದು ತಿಂಗಳಿಗೆ ಕೆಮ್ಮು ಕಡಿಮೆ ಆಯಿತು. ಎರಡನೇ ತಿಂಗಳಿಗೆ ಮೈಗೆ ಕಸುವು ಬಂತು. ಅತ್ತೆ ಅಂದಳು: "ಈ ಗುಳಿಗಿ ಭಾಳ ಉಷ್ಣ ಅವ. ಆರಾಮ ಆದ ಮ್ಯಾಲ ಯಾಕ ನುಂಗ್ತೀ?"

ಯುಗಾದಿ ಮುಗಿಯಿತು. ಗಂಡ ಮುಂಬೈಗೆ ದುಡಿಯಲು ಹೊರಟ. ಶರಣಮ್ಮ ಮಗಳನ್ನು ಎತ್ತಿಕೊಂಡು ಜೊತೆಗೆ ಹೋದಳು. ಉಳಿದ ಗುಳಿಗೆ ಟ್ರಂಕಿನಲ್ಲೇ ಉಳಿದವು.

ಅತ್ತೆ ಕೆಟ್ಟವಳಲ್ಲ. ಸೊಸೆಯ ಒಳ್ಳೆಯದಕ್ಕೇ ಹೇಳಿದಳು. ಇಬ್ಬರಿಗೂ ಒಂದು ಮಾತು ಗೊತ್ತಿರಲಿಲ್ಲ. ಟಿ.ಬಿ. ಗುಳಿಗೆಯಲ್ಲಿ ರಿಫಾಂಪಿಸಿನ್ ಎಂಬ ಔಷಧ ಇರುತ್ತದೆ. ಅದರ ಬಣ್ಣವೇ ಕೆಂಪು. ಆ ಬಣ್ಣ ಮೂತ್ರದಲ್ಲಿ ಬರುತ್ತದೆ. ಅದು ರಕ್ತವಲ್ಲ. ಅದಕ್ಕೆ ಹೆದರಬೇಕಿಲ್ಲ. ಆದರೆ ಕಣ್ಣು ಹಳದಿ ಆದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಮಂಜಾದರೆ ತಡ ಮಾಡಬಾರದು. ಆ ದಿನವೇ ಡಾಕ್ಟರಿಗೆ ತೋರಿಸಬೇಕು.

ಮೈಯೊಳಗೆ ಏನಾಯಿತು?

ಕ್ಷಯ ಬರುವುದು ರೋಗಾಣುವಿನಿಂದ. ಅದು ಬರಿ ಕಣ್ಣಿಗೆ ಕಾಣದ ಜೀವಿ. ಜರ್ಮನಿಯ ರಾಬರ್ಟ್ ಕಾಖ್ ಎಂಬ ಡಾಕ್ಟರು ಇದನ್ನು ಕಂಡುಹಿಡಿದರು. 1882ರ ಮಾರ್ಚ್ 24ರಂದು ಜನರ ಮುಂದೆ ಇಟ್ಟರು. ಅದಕ್ಕೇ ಮಾರ್ಚ್ 24 ವಿಶ್ವ ಕ್ಷಯರೋಗ ದಿನ.

ಕಣ್ಣಿಗೆ ಕಾಣದ ಜೀವಿಗಳೆಲ್ಲ ಕೆಟ್ಟವಲ್ಲ. ಹಾಲಿಗೆ ಹೆಪ್ಪು ಹಾಕುತ್ತೇವೆ. ಮೊಸರು ಆಗುವುದು ಇಂಥ ಜೀವಿಗಳಿಂದಲೇ. ಕೆಲವು ಮಾತ್ರ ರೋಗ ತರುತ್ತವೆ.

ಅರ್ಧಕ್ಕೆ ಗುಳಿಗೆ ಬಿಟ್ಟರೆ ಏನಾಗುತ್ತದೆ? ನಮ್ಮ ಹೊಲದ ಮಾತೇ ತೊಗೊಳ್ರಿ. ತೊಗರಿಗೆ ಕಾಯಿಕೊರಕ ಕೀಡಿ ಬೀಳುತ್ತದೆ. ಮೊದಲು ಎಣ್ಣಿ ಹೊಡೆದರೆ ಕೀಡಿ ಸಾಯುತ್ತಿತ್ತು. 1990ರ ದಶಕದಲ್ಲಿ ಹಾಗೆ ಆಗಲಿಲ್ಲ. ಎಣ್ಣಿ ಹೊಡೆದರೂ ಕೀಡಿ ಸಾಯಲೊಲ್ಲದು. ಆಗ ಜನ ಸಾಲು ಹಿಡಿದು ನಡೆದರು. ಗಿಡ ಅಲುಗಿಸಿ ಕೀಡಿ ಉದುರಿಸಿದರು. ಹಿರಿಯರನ್ನು ಕೇಳಿ ನೋಡಿರಿ. ನೆನಪಿದ್ದವರು ಹೇಳುತ್ತಾರೆ.

ಯಾಕೆ ಹಾಗಾಯಿತು? ಎಲ್ಲ ಕೀಡಿ ಒಂದೇ ಥರ ಇರುವುದಿಲ್ಲ. ಕೆಲವು ಗಟ್ಟಿ ಇರುತ್ತವೆ. ಎಣ್ಣಿಗೆ ಮೆತ್ತನೆಯವು ಸತ್ತವು. ಗಟ್ಟಿಯವು ಉಳಿದವು. ಉಳಿದವೇ ತತ್ತಿ ಇಟ್ಟವು. ಅವುಗಳ ಮರಿಗಳೂ ಗಟ್ಟಿ. ವರ್ಷ ವರ್ಷ ಹೊಲದ ತುಂಬ ಗಟ್ಟಿ ಕೀಡಿಯೇ ಆದವು.

ಮೈಯೊಳಗೂ ಹೀಗೇ. ಗುಳಿಗೆಗೆ ಮೆತ್ತನೆಯ ರೋಗಾಣು ಮೊದಲು ಸಾಯುತ್ತವೆ. ಆಗ ಆರಾಮ ಅನಿಸುತ್ತದೆ. ಆದರೆ ಗಟ್ಟಿಯವು ಇನ್ನೂ ಒಳಗೆ ಇರುತ್ತವೆ. ಕೆಲವು ಮಲಗಿದ ಹಾಗೆ ಸುಮ್ಮನೆ ಇರುತ್ತವೆ. ಅರ್ಧಕ್ಕೆ ಬಿಟ್ಟರೆ ಅವೇ ಬೆಳೆಯುತ್ತವೆ. ಅವು ಹೆಚ್ಚಾದ ಮೇಲೆ ಹಳೆಯ ಗುಳಿಗೆ ನಾಟುವುದಿಲ್ಲ.

ಒಂದು ಮಾತು ಸರಿಯಾಗಿ ತಿಳಿಯಿರಿ. "ನನ್ನ ಮೈಗೆ ಗುಳಿಗಿ ರೂಢಿ ಆಗ್ಯಾದ" ಅನ್ನುತ್ತೇವೆ. ಗಟ್ಟಿ ಆಗುವುದು ನಮ್ಮ ಮೈ ಅಲ್ಲ. ರೋಗಾಣು.

ಆರು ತಿಂಗಳು ಯಾಕೆ? ನಾಲ್ಕು ಔಷಧ ಯಾಕೆ?

ಬೇರೆ ಕೆಲವು ರೋಗಾಣು 20 ನಿಮಿಷಕ್ಕೆ ಒಂದಿದ್ದದ್ದು ಎರಡು ಆಗುತ್ತವೆ. ಕ್ಷಯದ ರೋಗಾಣು ನಿಧಾನ. ಒಂದು ಎರಡಾಗಲು ಹತ್ತಿರ ಹತ್ತಿರ ಒಂದು ದಿನ ಬೇಕು. ಬೆಳೆಯುವುದೂ ನಿಧಾನ, ಸಾಯುವುದೂ ನಿಧಾನ. ಅದಕ್ಕೇ ಆರು ತಿಂಗಳು.

ಕ್ಷಯಕ್ಕೆ ನಾಟಿದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧ ಸಿಕ್ಕಿದ್ದು 1943ರಲ್ಲಿ, ಅಮೆರಿಕದಲ್ಲಿ. ಮೊದಮೊದಲು ಅದೊಂದನ್ನೇ ಕೊಟ್ಟರು. ರೋಗಿಗಳು ಚೇತರಿಸಿಕೊಂಡರು. ಆದರೆ ಹಲವರಿಗೆ ಬ್ಯಾನಿ ತಿರುಗಿ ಬಂತು. ರೋಗಾಣು ಗಟ್ಟಿ ಆಗಿತ್ತು. ಆಗ ಡಾಕ್ಟರುಗಳು ಪಾಠ ಕಲಿತರು. ಒಂದು ಔಷಧಕ್ಕೆ ತಪ್ಪಿಸಿಕೊಂಡ ರೋಗಾಣು ಇನ್ನೊಂದಕ್ಕೆ ಸಿಗಬೇಕು. ಅದಕ್ಕೇ ಈಗ ಮೊದಲ ಎರಡು ತಿಂಗಳು ನಾಲ್ಕು ಔಷಧ ಕೂಡಿಸಿ ಕೊಡುತ್ತಾರೆ. ಮುಂದಿನ ನಾಲ್ಕು ತಿಂಗಳು ಮೂರು ಔಷಧ.

ಕೆಮ್ಮು ತಿರುಗಿ ಬಂತು

ಪಂಚಮಿ ಹಬ್ಬಕ್ಕೆ ಶರಣಮ್ಮ ಊರಿಗೆ ಬಂದಳು. ಗುರುತು ಸಿಗಲಿಲ್ಲ, ಅಷ್ಟು ಸೊರಗಿದ್ದಳು. ಕಫದಲ್ಲಿ ರಕ್ತ ಬರುತ್ತಿತ್ತು. ಈ ಸಲ ನಾನೂ ಜೊತೆಗೆ ಹೋದೆ.

ಕಫವನ್ನು ಯಂತ್ರಕ್ಕೆ ಹಾಕಿದರು. ಅದರ ಹೆಸರು ಟ್ರೂನಾಟ್. ಇದನ್ನು ರೂಪಿಸಿದ್ದು ನಮ್ಮ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನವರು. ಕ್ಷಯ ಇದೆಯೋ ಇಲ್ಲವೋ ಹೇಳುತ್ತದೆ. ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಅದನ್ನೂ ಹೇಳುತ್ತದೆ. ಕೆಲವೇ ತಾಸಿನಲ್ಲಿ ಉತ್ತರ ಬರುತ್ತದೆ. ಶರಣಮ್ಮನ ಉತ್ತರ ಬಂತು. ರಿಫಾಂಪಿಸಿನ್ ನಾಟುವುದಿಲ್ಲ.

ಡಾಕ್ಟರು ತಿಳಿಸಿ ಹೇಳಿದರು. "ಬ್ಯಾರೆ ಔಷಧ ಅವ. ವಾಸಿ ಆಗ್ತದ. ಆದ್ರ ಮೊದಲಿನಷ್ಟು ಸಲೀಸಲ್ಲ. ಈ ಗಟ್ಟಿ ರೋಗಾಣು ಕೆಮ್ಮಿದಾಗ ಗಾಳಿಯೊಳಗ ಹೋಗ್ತದ. ಇನ್ನೊಬ್ಬರಿಗೆ ಹತ್ತಿದ್ರ ಅವರಿಗೂ ಹಳೇ ಗುಳಿಗಿ ನಾಟೂದಿಲ್ಲ."

ಶರಣಮ್ಮ ನನ್ನ ಕೈ ಹಿಡಿದಳು. "ಅಕ್ಕೋರೇ, ನನ್ನ ಮಗಳಿಗಿ?" ಅಂದಳು. ಮತ್ತೇನೂ ಕೇಳಲಿಲ್ಲ.

ಮಗಳನ್ನು ಪರೀಕ್ಷೆ ಮಾಡಿಸಿದೆವು. ರೋಗ ಇರಲಿಲ್ಲ. ಅವತ್ತು ಶರಣಮ್ಮ ದವಾಖಾನೆಯ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಅತ್ತಳು.

ತಾಟು ಬೇರೆ ಇಡಬ್ಯಾಡ್ರಿ

ಊರಲ್ಲಿ ಸುದ್ದಿ ಹಬ್ಬಿತು. ಓಣಿಯವರು ದೂರ ಸರಿದರು. ಮನೆಯಲ್ಲಿ ಅವಳ ತಾಟು, ತಂಬಿಗೆ ಬೇರೆ ಇಟ್ಟರು. ಇದು ತಪ್ಪು. ಕ್ಷಯ ಹಬ್ಬುವುದು ಗಾಳಿಯಿಂದ. ತಾಟಿನಿಂದ ಅಲ್ಲ, ಬಟ್ಟೆಯಿಂದ ಅಲ್ಲ, ಮುಟ್ಟಿದ್ದರಿಂದ ಅಲ್ಲ. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಬೇಕು. ಕಿಟಕಿ ಬಾಗಿಲು ತೆರೆದಿಡಬೇಕು. ಗುಳಿಗೆ ತಪ್ಪಿಸಬಾರದು.

ರೋಗಿಯನ್ನು ಮನೆ ಬಿಡಿಸಿ ಕಳಿಸಬೇಕಿಲ್ಲ. 1956ರಲ್ಲಿ ಮದ್ರಾಸಿನಲ್ಲಿ ಒಂದು ದೊಡ್ಡ ಪರೀಕ್ಷೆ ಶುರುವಾಯಿತು. ಕೆಲವರಿಗೆ ಆಸ್ಪತ್ರೆಯಲ್ಲಿ, ಕೆಲವರಿಗೆ ಮನೆಯಲ್ಲಿ ಔಷಧ ಕೊಟ್ಟರು. ಮನೆಯಲ್ಲಿದ್ದವರೂ ಹಾಗೇ ವಾಸಿಯಾದರು. ಅವರಿಂದ ಮನೆಯವರಿಗೆ ಹೆಚ್ಚು ರೋಗ ಹತ್ತಲೂ ಇಲ್ಲ.

ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಶುರುವಾದದ್ದು 1959ರಲ್ಲಿ. ಅಲ್ಲಿಯವರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಕ್ಷಯದ ರೋಗಿಗಳನ್ನು ಮಾತಾಡಿಸಿದರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಜನ ತಾವಾಗಿಯೇ ಚಿಕಿತ್ಸೆ ಕೇಳಿ ಹೋಗಿದ್ದರು. ಬಹಳ ಮಂದಿಗೆ ಸಿಕ್ಕಿದ್ದು ಬರೀ ಕೆಮ್ಮಿನ ಔಷಧ. ಅದಕ್ಕೇ ನಾವು ಬಾಯಿ ಬಿಟ್ಟು ಕೇಳಬೇಕು: "ನನ್ನ ಕಫ ಪರೀಕ್ಷೆ ಮಾಡ್ರಿ."

ನೆಗಡಿಗೆ ಬೇಡ

ರೋಗಾಣು ಕೊಲ್ಲುವ ಔಷಧಕ್ಕೆ ಆಂಟಿಬಯಾಟಿಕ್ ಅನ್ನುತ್ತಾರೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬವರು ಬೂಷ್ಟಿನಲ್ಲಿ ಪೆನಿಸಿಲಿನ್ ಕಂಡುಹಿಡಿದರು. ರೊಟ್ಟಿಯ ಮೇಲೆ ಬರುತ್ತದಲ್ಲ, ಅಂಥ ಬೂಷ್ಟು. 1945ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಆಗಲೇ ಅವರು ಎಚ್ಚರಿಕೆ ಹೇಳಿದರು. ಸಾಲದಷ್ಟು ಔಷಧ ತೊಗೊಂಡರೆ ರೋಗಾಣು ಸಾಯುವ ಬದಲು ಗಟ್ಟಿ ಆಗುತ್ತದೆ ಅಂದರು.

ನೆಗಡಿ ಬರುವುದು ವೈರಸ್‌ನಿಂದ. ಅದಕ್ಕೆ ಆಂಟಿಬಯಾಟಿಕ್ ನಾಟುವುದೇ ಇಲ್ಲ. ನಾನೂ ಈ ತಪ್ಪು ಮಾಡಿದ್ದೇನೆ. ನನ್ನ ಮಗನಿಗೆ ನೆಗಡಿ ಆಗಿತ್ತು. ಮನೆಯಲ್ಲಿ ಉಳಿದಿದ್ದ ಗುಳಿಗೆ ಅರ್ಧ ಮುರಿದು ಕೊಟ್ಟೆ. ಟೀಚರ್ ಆದ ನನಗೇ ತಿಳಿದಿರಲಿಲ್ಲ.

ಈಗ ಗುಳಿಗೆಯ ಪಟ್ಟಿಯನ್ನು ಕೈಯಲ್ಲಿ ಹಿಡಿಯಿರಿ. ಹಿಂದೆ ಉದ್ದಕ್ಕೆ ಕೆಂಪು ಗೆರೆ ಇದೆಯೇ ನೋಡಿರಿ. ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಆ ಗುಳಿಗೆ ನುಂಗಬಾರದು. 2016ರಲ್ಲಿ ಸರ್ಕಾರ ಈ ಗೆರೆಯ ಬಗ್ಗೆ ಪ್ರಚಾರ ಶುರು ಮಾಡಿತು. ಗೆರೆ ನೋಡಲು ಇಂಗ್ಲಿಷ್ ಬರಬೇಕಿಲ್ಲ.

ಶರಣಮ್ಮನ ಕ್ಯಾಲೆಂಡರ್

ಶರಣಮ್ಮ ಹೊಸ ಔಷಧ ಶುರು ಮಾಡಿದಳು. ಗೋಡೆಗೆ ಕ್ಯಾಲೆಂಡರ್ ತೂಗು ಹಾಕಿದಳು. ಗುಳಿಗೆ ನುಂಗಿದ ದಿನ ಆ ತಾರೀಖಿನ ಮೇಲೆ ಗೆರೆ ಎಳೆಯುತ್ತಾಳೆ. ಅಂಕಿ ಕಲಿತದ್ದು ನಮ್ಮ ಕೇಂದ್ರದಲ್ಲೇ. ಕಫ ಪರೀಕ್ಷೆಯಲ್ಲಿ ರೋಗಾಣು ಇಲ್ಲ ಅಂತ ಬಂದ ಮೇಲೆ ಮತ್ತೆ ಓದಲು ಬಂದಳು. ಮುಂದಿನ ಸಾಲಿನಲ್ಲೇ ಕೂತಳು. ಔಷಧ ಇನ್ನೂ ನಡೆದಿದೆ.

ಅವಳ ಅತ್ತೆಗೆ ಅಕ್ಷರ ಬರುವುದಿಲ್ಲ. ಆದರೆ ದಿನಾ ಮುಂಜಾನೆ ಕೇಳುತ್ತಾಳೆ: "ಇವತ್ತಿನ ಗೆರಿ ಎಳದಿಯೇನವ್ವಾ?"

ನೆನಪಿಡಿ

1. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿರಿ.
2. ಆರಾಮ ಅನಿಸಿದರೂ ಗುಳಿಗೆ ಬಿಡಬೇಡಿರಿ. ಡಾಕ್ಟರು ಹೇಳಿದಷ್ಟು ದಿನ ತೊಗೊಳ್ಳಿರಿ.
3. ದುಡಿಯಲು ಊರು ಬಿಡುವ ಮೊದಲು ದವಾಖಾನೆಗೆ ತಿಳಿಸಿರಿ. ಹೋದ ಊರಿನ ಸರ್ಕಾರಿ ದವಾಖಾನೆಯಲ್ಲೂ ಔಷಧ ಪುಕ್ಕಟೆ ಸಿಗುತ್ತದೆ.
4. ಕ್ಷಯ ರೋಗಿಗೆ ಒಳ್ಳೆಯ ಊಟಕ್ಕಾಗಿ ಸರ್ಕಾರ ಹಣ ಕೊಡುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು. 2024ರ ನವೆಂಬರ್‌ನಿಂದ 1000 ರೂಪಾಯಿ ಆಯಿತು. ಕೇಳಿ ಪಡೆಯಿರಿ.
5. ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಕೊಡಬೇಡಿರಿ.

ಓದಿ, ಉತ್ತರ ಹೇಳಿ

1. ಶರಣಮ್ಮ ಗುಳಿಗೆ ಯಾಕೆ ಬಿಟ್ಟಳು? ಮೂರು ಕಾರಣ ಹೇಳಿ.
2. ತೊಗರಿಯ ಕೀಡಿಗೂ ಕ್ಷಯದ ರೋಗಾಣುವಿಗೂ ಏನು ಹೋಲಿಕೆ?
3. ತಿಂಗಳಿಗೆ 30 ದಿನ. ಹಾಗಾದರೆ 6 ತಿಂಗಳಿಗೆ ಎಷ್ಟು ದಿನ? ಲೆಕ್ಕ ಮಾಡಿ ಬರೆಯಿರಿ.

ಮನೆಯಲ್ಲಿ ಮಾಡಿ

ಮನೆಯಲ್ಲಿರುವ ಗುಳಿಗೆಯ ಪಟ್ಟಿಗಳನ್ನು ಹುಡುಕಿರಿ. ಕೆಂಪು ಗೆರೆ ಇದ್ದವನ್ನು ಬೇರೆ ಇಡಿರಿ. ನಾಳೆ ಕೇಂದ್ರಕ್ಕೆ ತನ್ನಿರಿ. ಕೂಡಿ ನೋಡೋಣ.