ಮರದ ಹೊಟ್ಟೂ ಸಿಡಿಯುತ್ತದೆ!



ಕಳೆದ ತಿಂಗಳು ತುಮಕೂರಿನಿಂದ ಭಾವನ ಫೋನ್ ಬಂತು. "ಮರದ ಹೊಟ್ಟಿನಿಂದ ಪೆಲೆಟ್ ಮಾಡೋ ಯೂನಿಟ್ ಹಾಕಿದ್ದೀನಿ ಕಣಯ್ಯ. ನೀನು ಅಲ್ಲಿ ಫ್ಯಾಕ್ಟರಿ ಸೇಫ್ಟಿ ಕೆಲಸದಲ್ಲಿದ್ದೀಯಲ್ಲ, ಬೆಂಕಿ ಆರಿಸೋಕೆ ಎಷ್ಟು ಸಿಲಿಂಡರ್ ಇಡಬೇಕು ಹೇಳು" ಅಂದರು. "ಸಿಲಿಂಡರ್ ಆಮೇಲೆ ಭಾವ, ತೊಲೆಗಳ ಮೇಲೆ ಧೂಳು ಎಷ್ಟು ಕೂತಿದೆ ಹೇಳಿ" ಅಂದೆ. ಅವರು ನಕ್ಕರು. "ಹೊಟ್ಟಿನ ಒಲೆ ಉರಿಸಿ ಬೆಳೆದವರು ನಾವು. ಅದೆಲ್ಲಿ ಸಿಡಿಯುತ್ತೆ?"

ಇಲ್ಲಿ ಚಳಿಗಾಲಕ್ಕೆ ಪೆಲೆಟ್ ಸ್ಟೋವ್ ಇಟ್ಟುಕೊಂಡವರಿಗೂ ಈ ಪಾಠ ಬೇಕಾದೀತೆಂದು ಬರೆಯುತ್ತಿದ್ದೇನೆ.

ಒಲೆಯಲ್ಲಿ ಹೊಟ್ಟನ್ನು ಒತ್ತಿ ತುಂಬುತ್ತೇವೆ. ಗಾಳಿ ಸಿಗದೆ ಅದು ಗಂಟೆಗಟ್ಟಲೆ ನಿಧಾನವಾಗಿ ಉರಿಯುತ್ತದೆ. ಅದೇ ಹೊಟ್ಟು ನುಣ್ಣಗೆ ಒಣಗಿ ಗಾಳಿಯಲ್ಲಿ ತೇಲಿದರೆ ಪ್ರತಿ ಕಣಕ್ಕೂ ಸುತ್ತ ಗಾಳಿ. ಕಟ್ಟಡದೊಳಗೆ ಒಂದು ಕಿಡಿ ತಗುಲಿದರೆ ಸ್ಫೋಟ. ಮೊದಲ ಸಣ್ಣ ಸ್ಫೋಟವು ತೊಲೆಗಳ ಮೇಲಿನ ಧೂಳನ್ನು ಕೊಡವಿ ಎಬ್ಬಿಸುತ್ತದೆ. ಹೆಚ್ಚು ಜನರನ್ನು ಕೊಲ್ಲುವುದು ಆಮೇಲಿನ ಎರಡನೆಯದು.

2012ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಎರಡು ಗರಗಸದ ಮಿಲ್ಲುಗಳು ಹೀಗೆಯೇ ಸಿಡಿದವು. ಜನವರಿ 20ರಂದು ಬರ್ನ್ಸ್ ಲೇಕ್‌ನಲ್ಲಿ, ಏಪ್ರಿಲ್ 23ರಂದು ಪ್ರಿನ್ಸ್ ಜಾರ್ಜ್‌ನಲ್ಲಿ. ಒಂದೊಂದರಲ್ಲೂ ಇಬ್ಬರು ಸತ್ತರು.

ಇದನ್ನು ತಡೆಯುವ ಶಿಸ್ತಿಗೆ 'ಪ್ರೋಸೆಸ್ ಸೇಫ್ಟಿ ಮ್ಯಾನೇಜ್‌ಮೆಂಟ್' ಎಂದು ಹೆಸರು. 1984ರ ಭೋಪಾಲ್ ದುರಂತ ಇಲ್ಲಿಯವರನ್ನೂ ಎಚ್ಚರಿಸಿತು. ನಮ್ಮ ನ್ಯೂಜೆರ್ಸಿ ರಾಜ್ಯ 1986ರಲ್ಲೇ ವಿಷಾನಿಲ ದುರಂತ ತಡೆಗೆ ಕಾನೂನು ತಂದಿತು. 1992ರಲ್ಲಿ ಅಮೆರಿಕದ ಕೇಂದ್ರ ಸರಕಾರ 14 ಅಂಶಗಳ ನಿಯಮ ಮಾಡಿತು. ಅದು ಅಪಾಯಕಾರಿ ರಾಸಾಯನಿಕಗಳಿಗೆ. ಮರದ ಧೂಳು ಅದರಲ್ಲಿಲ್ಲ. ಆದರೂ ಅದರ ಕ್ರಮ ಪೆಲೆಟ್ ಘಟಕಕ್ಕೆ ಚೆನ್ನಾಗಿ ಹೊಂದುತ್ತದೆ. ಭಾವನಿಗೆ ನಾನು ಹೇಳಿದ್ದು ನಾಲ್ಕು ಮಾತು:

1. ಧೂಳು ಹೊರಬರದಂತೆ ಯಂತ್ರಗಳನ್ನು ಭದ್ರಮಾಡಿ, ಧೂಳು ಹೀರುವ ವ್ಯವಸ್ಥೆ ಇಡಿ. ಕೂತ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ, ಅದು ಅಪಾಯವನ್ನು ಮೇಲೆಬ್ಬಿಸಿದ ಹಾಗೆ. ಧೂಳಿಗೆಂದೇ ಮಾಡಿದ ವ್ಯಾಕ್ಯೂಮ್ ಬಳಸಿ.

2. ಹೊಟ್ಟು ಪುಡಿಮಾಡುವ ಯಂತ್ರಕ್ಕೆ ಮುಂಚೆ ಅಯಸ್ಕಾಂತ ಇಡಿ. ಒಂದು ಮೊಳೆ ಸಾಕು ಕಿಡಿ ಹಾರಲು. ವೆಲ್ಡಿಂಗಿಗೆ ಬರಹದ ಪರವಾನಗಿ ಇರಲಿ. ಯಂತ್ರ ನಿಲ್ಲಿಸಿ, ಸುತ್ತ 35 ಅಡಿ ಶುಚಿಮಾಡಿ, ಕೆಲಸ ಮುಗಿದ ಮೇಲೂ ಒಂದು ಗಂಟೆ ಕಾವಲಿರಿ.

3. ಏನೇ ಬದಲಿಸುವ ಮುಂಚೆ 'ಇದರಿಂದ ಏನಾದೀತು?' ಎಂದು ಕೂತು ಯೋಚಿಸಿ. ಜಾರ್ಜಿಯಾದ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ ಸಕ್ಕರೆ ಶುಚಿಯಾಗಿರಲೆಂದು 2007ರಲ್ಲಿ ಕನ್ವೇಯರ್‌ಗೆ ಉಕ್ಕಿನ ಹೊದಿಕೆ ಹಾಕಿದರು. ಒಳಗೆ ಧೂಳು ತುಂಬಿತು. 2008ರ ಫೆಬ್ರವರಿ 7ರ ಸ್ಫೋಟದಲ್ಲಿ 14 ಜನ ತೀರಿಕೊಂಡರು. ಒಳ್ಳೆಯ ಉದ್ದೇಶದ ಬದಲಾವಣೆಯೇ ಮುಳುವಾಯಿತು.

4. ಪೆಲೆಟ್ ಉರಿಯದೆ ಸುಮ್ಮನೆ ಬಿದ್ದಿದ್ದರೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಆಮ್ಲಜನಕವನ್ನೂ ಹೀರುತ್ತದೆ. 2006ರ ನವೆಂಬರಿನಲ್ಲಿ ಸ್ವೀಡನ್ನಿನ ಹೆಲ್ಸಿಂಗ್‌ಬೋರಿ ಬಂದರಿನಲ್ಲಿ ಪೆಲೆಟ್ ತುಂಬಿದ ಹಡಗಿನ ಮೆಟ್ಟಿಲ ಕೋಣೆಗೆ ಇಳಿದ ನಾವಿಕನೊಬ್ಬ ಅಲ್ಲೇ ಸತ್ತ. ಗಾಳಿ ಅಳೆಯದೆ ಯಾರೂ ಒಳಗಿಳಿಯಬಾರದು. ಬಿದ್ದವನನ್ನು ಎತ್ತಲು ಹಾಗೆಯೇ ಇನ್ನೊಬ್ಬನೂ ಇಳಿಯಬಾರದು.

ನಾಲ್ಕನೆಯದನ್ನು ಕೇಳಿ ಭಾವ ಸುಮ್ಮನಾದರು. ಆಮೇಲೆ ಮೆಲ್ಲಗೆ, "ಮೊನ್ನೆ ಗಟ್ಟಿಕಟ್ಟಿದ ಪೆಲೆಟ್ ಸಡಿಲಿಸೋಕೆ ನಮ್ಮ ಹುಡುಗನನ್ನ ಟ್ಯಾಂಕಿಗೆ ಇಳಿಸಿದ್ದೆ ಕಣೋ. ತಲೆ ಸುತ್ತುತ್ತೆ ಅಂತ ಮೇಲೆ ಬಂದ. ಊಟ ಮಾಡಿಲ್ಲವೇನೋ ಅಂದುಕೊಂಡೆ" ಎಂದರು. ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. ಮರುದಿನವೇ ಟ್ಯಾಂಕಿನ ಬಾಯಿಗೆ ಬೀಗ ಬಿತ್ತು. ಗ್ಯಾಸ್ ಮೀಟರ್ ಬರುವವರೆಗೆ ಕೀಲಿ ಅವರ ಜೇಬಿನಲ್ಲೇ ಇತ್ತು.

ನಿಮ್ಮ ಮನೆಯಲ್ಲಿ ಪೆಲೆಟ್ ಸ್ಟೋವ್ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಇವತ್ತೇ ಒತ್ತಿ ನೋಡಿ. ರಾಶಿಗಟ್ಟಲೆ ತುಂಬಿಡುವವರು ಮನೆಯ ಹೊರಗೆ, ಗಾಳಿಯಾಡುವ ಕಡೆ ಇಡಿ. ಊರಿನಲ್ಲಿ ಇಂಥ ಘಟಕ ನಡೆಸುವ ನೆಂಟರಿದ್ದರೆ ಈ ವಾರ ಒಂದು ಫೋನ್ ಮಾಡಿ. ಸಿಲಿಂಡರ್ ಎಷ್ಟಿದೆ ಎಂದಲ್ಲ, ಟ್ಯಾಂಕಿಗೆ ಯಾರು ಇಳಿಯುತ್ತಾರೆ ಎಂದು ಕೇಳಿ.