ಗ್ಯಾಸ್ ತುಂಬುವ ಮೊದಲು ಲೀಕ್ ಹುಡುಕು

ತಮ್ಮಾ, ಸಿಂಧನೂರಿನಲ್ಲಿ ಗಾಡಿಗಳ ಎಸಿ ಕೆಲಸಕ್ಕೆ ಸೇರಿದ್ದೀ ಅಂತ ಕೇಳಿ ಸಂತೋಷವಾಯಿತು. ನಮ್ಮ ಕಡೆ ಈ ಕೆಲಸಕ್ಕೆ ಎಂದೂ ಬರ ಇಲ್ಲ. ಏಪ್ರಿಲ್, ಮೇ ಬಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಅದೇ ಹೊತ್ತಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಬೇಸಿಗೆ ಭತ್ತದ ಕಟಾವು ಜೋರಾಗಿರುತ್ತದೆ. ಲಿಂಗಸುಗೂರು, ಮಸ್ಕಿ, ಸಿಂಧನೂರನ್ನು ಕೂಡಿಸುವ 150ಎ ಹೆದ್ದಾರಿಯ ತುಂಬ ಭತ್ತದ ಲಾರಿಗಳು, ಹೊಟ್ಟು, ಧೂಳು. 2025ರ ಅಕ್ಟೋಬರ್ 1ರಿಂದ ತಯಾರಾಗುವ, ಮೂರೂವರೆ ಟನ್ ಮೀರಿದ ಸರಕು ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯವಾಗಿದೆ. ಆ ಲಾರಿಗಳೂ ಹಳತಾಗಿ ನಿನ್ನ ಮುಂದೆ ಬಂದು ನಿಲ್ಲುತ್ತವೆ. ಅದಕ್ಕೇ ಈಗಲೇ ಹೇಳುತ್ತಿದ್ದೇನೆ.

ಕಂಪ್ರೆಸರ್ ಹೆಚ್ಚಾಗಿ ಹಾಳಾಗುವುದು ಎಣ್ಣೆ ಸಿಗದೆ. ಎಂಜಿನ್‌ನಂತೆ ಅದಕ್ಕೆ ಕೆಳಗೊಂದು ತುಂಬಿದ ಎಣ್ಣೆ ತೊಟ್ಟಿ ಇರುವುದಿಲ್ಲ. ಅದರ ಎಣ್ಣೆ ಗ್ಯಾಸಿನ ಜೊತೆಗೇ ಪೈಪುಗಳಲ್ಲಿ ಸುತ್ತಿ ಮರಳಿ ಬರಬೇಕು. ಗ್ಯಾಸ್ ಕಡಿಮೆಯಾದರೆ ಎಣ್ಣೆ ಕಂಡೆನ್ಸರ್‌ನಲ್ಲೋ ಕೂಲಿಂಗ್ ಕಾಯಿಲ್‌ನಲ್ಲೋ ಉಳಿದುಬಿಡುತ್ತದೆ. ಕಂಪ್ರೆಸರನ್ನು ತಣ್ಣಗಿಡುತ್ತಿದ್ದ ಗ್ಯಾಸೂ ಸಾಲದಾಗುತ್ತದೆ. ಲೋಹಕ್ಕೆ ಲೋಹ ಉಜ್ಜಿ ಕೊನೆಗೆ ಜಾಮ್. ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಸವೆದ ಲೋಹದ ಪುಡಿ ಪೈಪುಗಳಲ್ಲೆಲ್ಲ ಹರಡುತ್ತದೆ, ಡ್ರೈಯರ್, ಕಂಡೆನ್ಸರ್ ಎಲ್ಲಕ್ಕೂ ಕೈ ಹಾಕಬೇಕಾಗುತ್ತದೆ. ಎಷ್ಟೋ ಗಾಡಿಗಳಲ್ಲಿ ಕಂಪ್ರೆಸರನ್ನು ತಿರುಗಿಸುವ ಬೆಲ್ಟೇ ಆಲ್ಟರ್ನೇಟರನ್ನೂ ವಾಟರ್ ಪಂಪನ್ನೂ ತಿರುಗಿಸುತ್ತದೆ. ಕಂಪ್ರೆಸರ್ ಜಾಮ್ ಆಗಿ ಆ ಬೆಲ್ಟ್ ಹರಿದರೆ ಗಾಡಿ ನಡುದಾರಿಯಲ್ಲೇ ಕಾದು ನಿಲ್ಲುತ್ತದೆ.

ಇದನ್ನು ತಡೆಯಲು ದುಬಾರಿ ಸೆನ್ಸರ್ ಬೇಕಿಲ್ಲ. ಪೈಪಿನ ಮೇಲೋ ಡ್ರೈಯರ್ ಮೇಲೋ ಕೂತಿರುವ ಸಣ್ಣ ಪ್ರೆಶರ್ ಸ್ವಿಚ್ ಇದೇ ಕೆಲಸಕ್ಕಿದೆ. ಒತ್ತಡ ಸುಮಾರು 2 ಬಾರ್‌ಗಿಂತ ಕೆಳಗಿಳಿದರೆ, ಇಲ್ಲವೇ 30 ಬಾರ್ ಆಸುಪಾಸಿಗೆ ಏರಿದರೆ ಅದು ಕಂಪ್ರೆಸರ್ ಕ್ಲಚ್‌ನ ಕರೆಂಟ್ ಕಡಿಯುತ್ತದೆ. ಗಿರಾಕಿ ಬಂದು, "ಹೆಂಗರ ಮಾಡಿ ಇವತ್ತ ತಣ್ಣಗ ಮಾಡಿಕೊಡಪ್ಪ, ನಾಳಿ ಮದುವಿ ಐತಿ" ಅಂದಾಗ, ಆ ಸ್ವಿಚ್ಚಿನ ಎರಡು ವೈರ್ ಸೇರಿಸಿ ಡೈರೆಕ್ಟ್ ಮಾಡುವವರಿದ್ದಾರೆ. ಕ್ಲಚ್ ಹಿಡಿಯುತ್ತದೆ, ಗಿರಾಕಿ ನಗುತ್ತಾ ಹೋಗುತ್ತಾನೆ, ಕಂಪ್ರೆಸರ್ ಸಾಯುತ್ತದೆ. ಆ ಕೆಲಸ ನಿನ್ನ ಕೈಯಿಂದ ಎಂದೂ ಆಗಬಾರದು. "ಅಣ್ಣಾರ, ಗ್ಯಾಸ್ ಎಲ್ಲಿ ಹೋಗ್ತದ ನೋಡದ ನಾ ಚಾಲೂ ಮಾಡಂಗಿಲ್ರಿ" ಅಂತ ಮುಖ ನೋಡಿ ಹೇಳು.

ಹಳೆಯ ಗಾಡಿಗೆ ಸ್ವಿಚ್ಚೇ ಇಲ್ಲದಿದ್ದರೆ ಕೂರಿಸಿಕೊಡು. ಕ್ಲಚ್ ಕಾಯಿಲ್ ಮೂರು-ನಾಲ್ಕು ಆಂಪಿಯರ್ ಎಳೆಯುತ್ತದೆ. ಅಷ್ಟನ್ನೂ ಸ್ವಿಚ್ಚಿನ ಮೇಲೆ ಹೊರಿಸಬೇಡ. ಸ್ವಿಚ್ ರಿಲೇಯನ್ನು ಎಳೆಯಲಿ, ಕ್ಲಚ್ಚಿಗೆ ರಿಲೇಯಿಂದ ಕರೆಂಟ್ ಹೋಗಲಿ, ನಡುವೆ ಫ್ಯೂಸ್ ಇರಲಿ.

ಲೀಕ್ ಹುಡುಕುವುದಕ್ಕೆ ನಮ್ಮ ಎರೆಮಣ್ಣಿನ ಧೂಳೇ ಸಹಾಯ ಮಾಡುತ್ತದೆ. ಗ್ಯಾಸ್ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದರ ಜೊತೆ ಹೊರಬರುವ ಎಣ್ಣೆ ಕಾಣುತ್ತದೆ. ಬಾನೆಟ್ ತೆಗೆದು ಟಾರ್ಚ್ ಹಿಡಿ. ಪೈಪಿನ ಜಾಯಿಂಟ್, ಕಂಡೆನ್ಸರ್‌ನ ಮೂಲೆ, ಕಂಪ್ರೆಸರ್ ಕ್ಲಚ್ಚಿನ ಹಿಂದೆ ಶಾಫ್ಟ್ ಸೀಲ್ ಇರುವ ಜಾಗ ನೋಡು. ಉಳಿದೆಡೆ ಒಣ ಧೂಳಿದ್ದು, ಒಂದು ಕಡೆ ಮಾತ್ರ ಜಿಡ್ಡಾಗಿ ಕಪ್ಪಗೆ ಅಂಟಿದ್ದರೆ ಅನುಮಾನ ಅಲ್ಲಿಂದಲೇ ಶುರುವಾಗಲಿ. ಸೋಪಿನ ನೊರೆ ಹಚ್ಚು, ಗುಳ್ಳೆ ಎದ್ದರೆ ಅದೇ ಜಾಗ.

ಕಿವಿಯನ್ನೂ ಬಳಸು. ಎಸಿ ಹಾಕಿದ ಮೇಲೆ ಕ್ಲಚ್ ಕೆಲವೇ ಸೆಕೆಂಡಿಗೊಮ್ಮೆ ಹಿಡಿದು ಬಿಡುತ್ತಿದ್ದರೆ ಗ್ಯಾಸ್ ಕಡಿಮೆ ಇರುವ ಲಕ್ಷಣ. ಓಡುವಾಗ ತಣ್ಣಗಿದ್ದು ನಿಂತಾಗ ಬಿಸಿಗಾಳಿ ಬಂದರೆ ಮೊದಲು ಫ್ಯಾನ್ ನೋಡು, ಆಮೇಲೆ ಕಂಡೆನ್ಸರ್. ಕಟಾವಿನ ದಿನಗಳಲ್ಲಿ ಹೊಟ್ಟು ಅದರ ರೆಕ್ಕೆಗಳ ನಡುವೆ ಚಾಪೆಯಂತೆ ಕೂತಿರುತ್ತದೆ. ಒತ್ತಡ ಕಡಿಮೆ ಇಟ್ಟು, ಎಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಡು. ವಾಷಿಂಗ್ ಗನ್ ಹತ್ತಿರ ಹಿಡಿದರೆ ರೆಕ್ಕೆ ಮಡಚಿ ಗಾಳಿಯ ದಾರಿಯೇ ಮುಚ್ಚುತ್ತದೆ. ಮಾಲೀಕರಿಗೆ ಇನ್ನೊಂದು ಮಾತು ಹೇಳು: ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಲಿ, ಶಾಫ್ಟ್ ಸೀಲಿಗೆ ಎಣ್ಣೆ ತಾಗುತ್ತಿರಲಿ.

ನಿಂತ ಗಾಡಿಗೆ ಗೇಜ್ ಹಚ್ಚಿ, ಮುಳ್ಳು ಏರಿತು ಅಂತ ಮೋಸ ಹೋಗಬೇಡ. 40 ಡಿಗ್ರಿ ಸೆಕೆಯಲ್ಲಿ ಆರ್-134ಎ ಗ್ಯಾಸ್ ಅರ್ಧ ಇದ್ದರೂ 9 ಬಾರ್ ತೋರಿಸಬಲ್ಲದು. ಲೀಕ್ ಮುಚ್ಚಿ, ಡ್ರೈಯರ್ ಬದಲಿಸಿ, ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆ. ವಾಲ್ವ್ ಮುಚ್ಚಿದ ಮೇಲೆ ಮುಳ್ಳು ಅಲ್ಲೇ ನಿಂತರೆ, ಸ್ಟಿಕರ್‌ನಲ್ಲಿ ಬರೆದಷ್ಟು ಗ್ಯಾಸನ್ನು ತೂಕ ಮಾಡಿ ತುಂಬು. ಕಂಪನಿ ಹೇಳಿದ ಎಣ್ಣೆಯನ್ನೇ ಹಾಕು. ಅಗ್ಗವೆಂದು ಅಡುಗೆ ಗ್ಯಾಸ್ ಬೆರೆಸಿದ್ದನ್ನು ಮುಟ್ಟಬೇಡ, ಅದು ಹೊತ್ತಿಕೊಳ್ಳುತ್ತದೆ. ಆರ್-134ಎ ಹೊತ್ತದಿದ್ದರೂ ಮೈನಸ್ 26 ಡಿಗ್ರಿಯಲ್ಲೇ ಕುದಿಯುವಂಥದ್ದು, ಕಣ್ಣಿಗೆ ಚಿಮ್ಮಿದರೆ ಕಣ್ಣೇ ಹೋದೀತು. ಕನ್ನಡಕ, ಕೈಗವಸು ಇಲ್ಲದೆ ಪೈಪ್ ಬಿಚ್ಚಬೇಡ.

ಲೀಕ್ ಹುಡುಕಿದ ದುಡಿಮೆಗೆ ಬೇರೆ ಕೂಲಿ ಕೇಳು, ಸಂಕೋಚ ಬೇಡ. ಗಾಡಿ ಮಾಲೀಕರಿಗೂ ನನ್ನ ಕೋರಿಕೆ ಇಷ್ಟೇ: ವರ್ಷ ವರ್ಷ ಗ್ಯಾಸ್ ತುಂಬಿಸುವ ಬದಲು ಆ ಕೂಲಿಯನ್ನು ಒಮ್ಮೆ ಕೊಡಿ.